ಹೊಲಕ್ಕೆ ಹೋಗದೆ ಹಿಂದಿರುಗಿದವರು

ಆಪ್ತಸಲಹೆಗೆಂದು ನನ್ನ ಬಳಿ ಬಂದ ಮೊದಲ ದಿನ ಅವರು ಹೇಳಿದ್ದು ನಿದ್ದೆಯ ವಿಚಾರ ಮಾತ್ರ. ಐದು ವಾರಗಳಿಂದ ನಡುರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ, ಮತ್ತೆ ಕಣ್ಣು ಹತ್ತುವುದಿಲ್ಲ. ತಟ್ಟೆಗೆ ಹಾಕಿದ ರೊಟ್ಟಿ ಅರ್ಧಕ್ಕೇ ಉಳಿಯುತ್ತದೆ. ವಯಸ್ಸು 58. ಪುಣೆಯ ಕಾರ್ಖಾನೆಯೊಂದರಲ್ಲಿ ದುಡಿದು, ನಿವೃತ್ತರಾಗಿ, ಹುಬ್ಬಳ್ಳಿಯಲ್ಲಿರುವ ಮಗನ ಮನೆಗೆ ಬಂದು ನೆಲೆಸಿದವರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ.

ಜೊತೆಗೆ ಬಂದಿದ್ದ ಸೊಸೆ ಸುಳಿವು ಕೊಟ್ಟರು: "ಮಾವನವರು ಊರಿಗೆ ಹೋಗಿ ಬಂದಾಗಿನಿಂದ ಹೀಗಾಗಿದೆ."

ಊರು ಗದಗ ಜಿಲ್ಲೆಯ ರೋಣದ ಕಡೆ, ಮಲಪ್ರಭೆಯ ದಂಡೆಯ ಮೇಲಿನ ಹಳ್ಳಿ. 1994ರಲ್ಲಿ ಹೊಲದ ವಾಟಣಿಯ, ಅಂದರೆ ಪಾಲು ಹಂಚಿಕೆಯ ವಿಷಯಕ್ಕೆ ಅಣ್ಣನೊಂದಿಗೆ ಜಗಳವಾಗಿ, ಅಪ್ಪ ಅಣ್ಣನ ಪರವಾಗಿ ನಿಂತಾಗ, ಇವರು ಹೊಳೆಆಲೂರಿನಲ್ಲಿ ಆಗಿನ ಮೀಟರ್ ಗೇಜ್ ರೈಲು ಹತ್ತಿ ಸೊಲ್ಲಾಪುರದ ಮೇಲಿಂದ ಪುಣೆ ಸೇರಿದರು. 2003ರಲ್ಲಿ ಅಪ್ಪ ತೀರಿಕೊಂಡಾಗ ಎರಡು ದಿನದ ಮಟ್ಟಿಗೆ ಬಂದು, ಅಣ್ಣನ ಜೊತೆ ಮಾತಾಡದೆ ಹೋದರು. ಅದೇ ಕೊನೆ. ಹುಬ್ಬಳ್ಳಿಗೆ ಬಂದ ಮೇಲೆ ಊರು ಹತ್ತಿರವಾಯಿತು. ಒಂದು ಬೆಳಿಗ್ಗೆ ಮನೆಯಲ್ಲಿ ಯಾರಿಗೂ ಹೇಳದೆ ಬಸ್ ಹತ್ತಿದರು.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಪ್ರವಾಹವನ್ನು ಈ ಸೀಮೆಯವರಾರೂ ಮರೆಯಲಾರರು. ಆಮೇಲೆ ನೆರೆ ಸಂತ್ರಸ್ತರಿಗೆ ಮನೆ ಕಟ್ಟಿಕೊಡುವ ಆಸರೆ ಯೋಜನೆಯಲ್ಲಿ ಹೊಳೆಯಿಂದ ದೂರ, ಎತ್ತರದ ಜಾಗದಲ್ಲಿ ಹೊಸ ಮನೆಗಳೆದ್ದು ನವಗ್ರಾಮವಾಯಿತು. 2019ರ ಆಗಸ್ಟ್‌ನಲ್ಲಿ ಹೊಳೆ ಮತ್ತೆ ಬಂದಾಗ ಹಳೆಯ ಊರಲ್ಲಿ ಉಳಿದಿದ್ದ ಕೆಲವರೂ ಎದ್ದು ನವಗ್ರಾಮಕ್ಕೆ ಹೋದರು. ಇದೆಲ್ಲ ಇವರಿಗೆ ಕೇಳಿ ಗೊತ್ತಿತ್ತು. ಆದರೂ ಕಾಲು ಹಳೆಯ ಊರಿಗೇ ಒಯ್ದಿತು. ಊರ ಅಗಸಿಬಾಗಿಲ ಒಳಗೆ ಜಾಲಿ ಬೆಳೆದು ನಿಂತಿತ್ತು. ತಮ್ಮ ಮನೆಯ ಮಣ್ಣಿನ ಚಾವಣಿ ಕುಸಿದು, ತೊಲೆಗಳನ್ನು ಯಾರೋ ಒಯ್ದು, ಬಾಗಿಲ ಚೌಕಟ್ಟು ಮಾತ್ರ ಉಳಿದಿತ್ತು. ಪಡಸಾಲೆಯ ಗೋಡೆಯಲ್ಲಿ ಅವ್ವ ದೀಪ ಇಡುತ್ತಿದ್ದ ಗೂಡು ಮಸಿ ಹಿಡಿದು ಹಾಗೆಯೇ ಇತ್ತು. ಅದನ್ನು ಬೆರಳಿನಿಂದ ಒರೆಸಿ ನೋಡಿದರಂತೆ, ಬೆರಳು ಕಪ್ಪಾಯಿತು.

ಕಟ್ಟೆಯ ಮೇಲೆ ಕುಳಿತಿದ್ದಾಗ ಬೈಕಿನಲ್ಲಿ ಹೊರಟಿದ್ದ ಹುಡುಗನೊಬ್ಬ ನಿಂತು, "ಯಾರು ಬೇಕಾಗಿತ್ತು ರೀ?" ಎಂದು ಕೇಳಿದ. ಇವರು "ಯಾರೂ ಇಲ್ಲ" ಎಂದು ಹೇಳಿ ಎದ್ದು, ಸಿಕ್ಕ ಬಸ್ಸಿಗೆ ವಾಪಸಾದರು. "ನನ್ನ ಮನೆಯ ಕಟ್ಟೆಯ ಮೇಲೆ ಕುಳಿತವನಿಗೆ ಯಾರು ಬೇಕು ಎಂದು ಕೇಳಿಸಿಕೊಳ್ಳಬೇಕಾಯಿತು" ಎನ್ನುವಾಗ ಅವರ ಧ್ವನಿ ನಡುಗುತ್ತಿತ್ತು.

ಆ ಮಾತಿನ ನೋವು ನಿಜವಾದುದು. ಆದರೆ ನಾನು ನೇರವಾಗಿಯೇ ಹೇಳಿದೆ: ಆ ಹುಡುಗನಿಗೆ ಇಪ್ಪತ್ತರ ಆಸುಪಾಸು ಎಂದಿರಿ. ನೀವು ಕೊನೆಯ ಸಲ ಬಂದಾಗ ಅವನು ಹುಟ್ಟಿಯೂ ಇರಲಿಲ್ಲ. ನಮ್ಮ ಕಡೆ ಆ ಪ್ರಶ್ನೆ ಹೊರಗೆ ಹಾಕುವುದಕ್ಕಲ್ಲ, ಮಾತಿಗೆ ದಾರಿ ಮಾಡಲಿಕ್ಕೆ. ಇಂಥವರ ಮಗ, ಇಂಥವರ ಪೈಕಿ ಎಂದು ಒಂದು ಮಾತು ಹೇಳಿದ್ದರೆ ಅವನೇ ನಿಮ್ಮನ್ನು ಬೈಕಿನ ಹಿಂದೆ ಕೂರಿಸಿಕೊಂಡು ಅಣ್ಣನ ಮನೆಗೆ ಬಿಡುತ್ತಿದ್ದ. ಊರು ತಾನಾಗಿ ಗುರುತು ಹಿಡಿಯಲಿ ಎಂದು ನೀವು ಕಾದಿರಿ.

ಅವರು ಒಪ್ಪಿದರು. ಆದರೆ ಅಷ್ಟಕ್ಕೇ ನಿದ್ದೆ ಕೆಟ್ಟಿತೆಂದು ನನಗೆ ಅನಿಸಲಿಲ್ಲ. ಎರಡನೆಯ ಭೇಟಿಯಲ್ಲಿ, "ಅಂದು ಹೊಲಕ್ಕೆ ಹೋಗಿದ್ದಿರಾ?" ಎಂದು ಕೇಳಿದೆ.

ಬಹಳ ಹೊತ್ತು ಅಂಗೈ ನೋಡುತ್ತಾ ಕುಳಿತರು. ಆಮೇಲೆ, "ಅವ್ವನನ್ನು ಅಲ್ಲಿಯೇ ಮಣ್ಣು ಮಾಡಿದ್ದಾರೆ" ಎಂದರು.

2020ರ ಏಪ್ರಿಲ್‌ನ ಲಾಕ್‌ಡೌನ್‌ನಲ್ಲಿ ತಾಯಿ ತೀರಿಕೊಂಡರು. ಪುಣೆಯಿಂದ ಹೊರಡುವ ಹಾದಿಯೇ ಇರಲಿಲ್ಲ. ಅಣ್ಣನ ಮಗ ಮೊಬೈಲಿನಲ್ಲಿ ತೋರಿಸಿದ್ದನ್ನು ನೋಡಿದರು. ನಡುವೆ ಚಿತ್ರ ನಿಂತುಹೋಯಿತು; ಮತ್ತೆ ಬಂದಾಗ ಮಣ್ಣು ಮುಚ್ಚಿ ಆಗಿತ್ತು. "ಒಂದು ಹಿಡಿ ಮಣ್ಣು ಹಾಕಲಿಲ್ಲ" ಎಂದು ಅತ್ತರು. ನಾನು ತಡೆಯಲಿಲ್ಲ. ಆ ವರ್ಷ ಹೀಗೆ ಮೊಬೈಲಿನಲ್ಲಿ ಹೆತ್ತವರನ್ನು ಕಳುಹಿಸಿಕೊಟ್ಟ ಹಲವರು ನನ್ನ ಬಳಿ ಬಂದಿದ್ದಾರೆ. ಕೈಗಳು ಮಾಡಬೇಕಾದ ಕೆಲಸ ಮಾಡದೆ ಉಳಿದರೆ ಸಾವು ನಡೆದುಹೋಯಿತೆಂದು ಮನಸ್ಸು ನಂಬುವುದೇ ಇಲ್ಲ. ಬಿದ್ದ ಮನೆ, ಜಾಲಿ ಮುಳ್ಳು, ಬೈಕಿನ ಹುಡುಗ ಇವೆಲ್ಲ ಅವರ ಬಾಯಿಗೆ ಸುಲಭವಾಗಿ ಬಂದವು; ಹೊಲದ ಮಾತು ಬರಲಿಲ್ಲ.

ಮೊದಲು ರಕ್ತದೊತ್ತಡ, ಸಕ್ಕರೆ ತೋರಿಸಿಕೊಂಡು ಬರಲು ಕಳುಹಿಸಿದೆ. ಬದುಕು ಸಾಕು ಎಂಬ ಯೋಚನೆ ಬರುತ್ತಿದೆಯೇ ಎಂದು ಬಿಚ್ಚಿ ಕೇಳಿದೆ, ಇಲ್ಲ ಎಂದರು. ಬಂದರೆ ನನಗಾಗಿ ಕಾಯದೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಬೇಕು, ರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನ 14416ಕ್ಕೆ ಕರೆ ಮಾಡಬೇಕು ಎಂದು ಸೊಸೆಗೂ ಬರೆದುಕೊಟ್ಟೆ.

ನನ್ನ ಸಲಹೆ ಇಷ್ಟಿತ್ತು. ಮತ್ತೆ ಹೋಗಿ, ಆದರೆ ಹಳೆಯ ಊರಿಗಲ್ಲ, ನವಗ್ರಾಮಕ್ಕೆ. ಜನ ಇರುವುದು ಅಲ್ಲಿ. ಎಳ್ಳಮಾವಾಸ್ಯೆಗೆ ಹೋಗಿ. ಅಂದು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ, ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲ. ಅಣ್ಣನಿಗೆ ಫೋನ್ ಮಾಡುವುದು ಕಷ್ಟವೆನಿಸಿದರೆ ವೈನಿಗೆ, ಅಣ್ಣನ ಹೆಂಡತಿಗೆ ಮಾಡಿ. ಒಂದು ರಾತ್ರಿಯಾದರೂ ಉಳಿಯಿರಿ. ಚೀಲಗಟ್ಟಲೆ ಸಾಮಾನು ಒಯ್ಯಬೇಡಿ, ವೈನಿಗೊಂದು ಸೀರೆ ಸಾಕು. ಇಷ್ಟು ವರ್ಷಗಳ ಲೆಕ್ಕವನ್ನು ಸಾಮಾನಿನಿಂದ ತೀರಿಸಲು ಹೊರಟರೆ ಅವರಿಗೂ ಮುಜುಗರ, ನಿಮಗೂ ಮುಜುಗರ. ಉತಾರದ, ಹೊಲದ ಕಾಗದಪತ್ರದ ಮಾತು ಈ ಸಲ ಬೇಡವೇ ಬೇಡ. ನಿಮ್ಮ ಪಾಲಿನದನ್ನು ಕೇಳಿಕೊಂಡು ಬನ್ನಿ ಎಂದು ಮನೆಯಲ್ಲಿ ಒತ್ತಾಯವಿತ್ತು. ಅದು ತಪ್ಪೆಂದು ನಾನು ಹೇಳಲಿಲ್ಲ. ಅದಕ್ಕೆ ವಕೀಲರಿದ್ದಾರೆ, ಬೇರೆ ದಿನವಿದೆ ಎಂದೆ.

"ವೈನಿ, ಹಬ್ಬಕ್ಕೆ ಬರುತ್ತೇನೆ, ಹೊಲಕ್ಕೆ ಹೋಗಬೇಕಾಗಿದೆ." ಇಷ್ಟು ಮಾತನ್ನು ಅವರು ನನ್ನ ಕೋಣೆಯಲ್ಲಿ ಮೂರು ಸಲ ಹೇಳಿ ನೋಡಿದರು. ಮೂರನೆಯ ಸಲ ಗಂಟಲು ಕಟ್ಟಲಿಲ್ಲ.

ಹಬ್ಬದ ಮರುವಾರ ಬಂದರು. ಅಣ್ಣ ಬಾಗಿಲಲ್ಲಿ "ಬಾ" ಎಂದದ್ದು ಬಿಟ್ಟರೆ ರಾತ್ರಿಯವರೆಗೆ ಮಾತಾಡಲಿಲ್ಲವಂತೆ. ಹೊಲದಲ್ಲಿ ಬನ್ನಿಯ ಕೆಳಗೆ ಐದು ಕಲ್ಲಿಟ್ಟು ಪೂಜೆಯಾದ ಮೇಲೆ, ಅಣ್ಣ ಹೊಲಕ್ಕೆ ಚೆಲ್ಲುವ ನೈವೇದ್ಯದ, ಚರಗದ ಬುಟ್ಟಿ ಹಿಡಿದು, ನೀರಿನ ತಂಬಿಗೆಯನ್ನು ಇವರ ಕೈಗೆ ಕೊಟ್ಟರು. ಅಣ್ಣ "ಹುಲ್ಲುಲ್ಲಿಗೋ" ಎಂದು ಕೂಗುತ್ತಾ ಮುಂದೆ, ಇವರು ನೀರು ಚಿಮುಕಿಸುತ್ತಾ ಹಿಂದೆ; ಸೊಂಟದೆತ್ತರದ ಬಿಳಿಜೋಳದಲ್ಲಿ ಹೊಲ ಸುತ್ತಿದರು. ಮೂಲೆಯೊಂದರಲ್ಲಿ ಜೋಳವಿಲ್ಲದ ಒಂದು ಗುಂಡನೆಯ ಜಾಗ, ನಡುವೆ ಕಲ್ಲು. "ಪ್ರತಿ ವರ್ಷ ಹರಗುವಾಗ ಕುಂಟೆಯನ್ನು ಸುತ್ತು ಹಾಕಿ ಒಯ್ಯುತ್ತೇನೆ" ಎಂದರು ಅಣ್ಣ. ಇವರು ಅಲ್ಲಿ ಕುಳಿತು, ಕರಿ ಎರೆಮಣ್ಣನ್ನು ಒಂದು ಹಿಡಿ ತೆಗೆದು ಕಲ್ಲಿನ ಬುಡಕ್ಕೆ ಹಾಕಿದರು.

ನಿದ್ದೆ ಒಂದೇ ದಿನದಲ್ಲಿ ಸರಿಹೋಗಲಿಲ್ಲ. ಜನವರಿಯಲ್ಲಿಯೂ ವಾರಕ್ಕೆ ಎರಡು ರಾತ್ರಿ ಎಚ್ಚರವಾಗುತ್ತಿತ್ತು.

ಫೆಬ್ರವರಿ ಕೊನೆಯಲ್ಲಿ ಬಂದಾಗ ಅಂಗೈಯಲ್ಲಿ ಬೊಬ್ಬೆಗಳಿದ್ದವು. ಜೋಳ ಕೀಳಲು ಆಳು ಸಿಗುತ್ತಿಲ್ಲ ಎಂದು ಅಣ್ಣನೇ ಫೋನ್ ಮಾಡಿದ್ದರಂತೆ. ನಾಲ್ಕು ದಿನ ಇದ್ದು ಬಂದಿದ್ದರು. ಕೈ ಚಾಚಿ ತೋರಿಸಿ, ಮುಂದಿನ ವಾರ ನನ್ನ ಬಳಿ ಬರಬೇಕೇ ಎಂದು ಕೇಳಿದರು. ಬೇಡ ಎಂದೆ.