ಮೂಸಾ ಅಷ್ಟು ಬೇಗ ಅಳಬಾರದಿತ್ತು

ನಮಸ್ಕಾರ.

ಬಾಲಸೈನಿಕನೊಬ್ಬನ ಬಗ್ಗೆ ನೀವು ಬರೆದ ‘ಮೂಸಾ’ ಕಥೆ ಓದಿದೆ. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನ ಅಂತರ್ಯುದ್ಧವನ್ನು (1991–2002) ಕನ್ನಡದಲ್ಲಿ ಬರೆಯಹೊರಟಿದ್ದು ಸಣ್ಣ ಸಾಹಸವಲ್ಲ. ಮಳೆಯ ವರ್ಣನೆಯೂ ಚೆನ್ನಾಗಿದೆ. ಇನ್ನು ತಕರಾರು.

ಎರಡನೇ ಪುಟ: ‘ನನ್ನ ಬಾಲ್ಯವೆಂಬ ಹಣತೆ ಬಿರುಗಾಳಿಗೆ ನಂದಿಹೋಯಿತು.’ ಹೇಳ್ತಿರೋದು 13 ವರ್ಷದ ಹುಡುಗ. ತನ್ನ ಬಾಲ್ಯ ಮುಗೀತು ಅಂತ ಯಾವ ಹುಡುಗ ಅಂದುಕೊಳ್ತಾನೆ ಸ್ವಾಮಿ? ಮುಂದಿನ ಸಾಲು: ‘ಎಕೆ-47 ಹೆಗಲ ಮೇಲೆ ಶಿಲುಬೆಯಂತೆ ಭಾರವಾಗಿತ್ತು.’ ಮೂಸಾನ ಹೆಗಲಿಗೆ ಶಿಲುಬೆ ಎಲ್ಲಿಂದ ಬಂತು? ನಡೆಯುವಾಗ ಬಂದೂಕಿನ ತುದಿ ನೆಲಕ್ಕೆ ತಾಗುತ್ತಿತ್ತು ಅಂದಿದ್ದರೆ ಅವನ ಎತ್ತರವಾದರೂ ಗೊತ್ತಾಗುತ್ತಿತ್ತು. ಐವರಿ ಕೋಸ್ಟ್‌ನ ಅಹಮದು ಕುರುಮಾ ಅವರ 2000ದ ಕಾದಂಬರಿಯ ಬಾಲಸೈನಿಕ ಬಿರಾಹಿಮಾನೂ ದೊಡ್ಡ ಪದ ಬಳಸುತ್ತಾನೆ. ಆದರೆ ನಿಘಂಟು ನೋಡಿ, ಕಂಸದಲ್ಲಿ ಅರ್ಥ ಹೇಳಿ, ನಡುವೆ ಬೈಗುಳವನ್ನೂ ಸೇರಿಸುತ್ತಾನೆ. ಪದ ಎರವಲು, ದನಿ ಅವನದೇ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಏಳನೇ ಪುಟಕ್ಕೆ. ಪುನರ್ವಸತಿ ಕೇಂದ್ರದ ನರ್ಸ್ ‘ನಿನ್ನದೇನೂ ತಪ್ಪಿಲ್ಲ ಮಗು’ ಅಂದ ಕೂಡಲೇ ಮೂಸಾ ‘ಮಂಜಿನಂತೆ ಕರಗಿ’ ಅಳುತ್ತಾನೆ. ಅದೇ ಯುದ್ಧದಲ್ಲಿ ಬಾಲಸೈನಿಕರಾಗಿದ್ದ ಇಷ್ಮಾಯಿಲ್ ಬೇಆ ಅವರ 2007ರ ಆತ್ಮಕಥನ ಓದಿ. ಅವರು ಇದ್ದದ್ದು ಬಂಡುಕೋರರ ಜೊತೆಯಲ್ಲ, ಸರ್ಕಾರಿ ಸೇನೆಯಲ್ಲಿ. ಯುನಿಸೆಫ್‌ನವರು ಕರೆದೊಯ್ದಾಗ ಹುಡುಗರಿಗೆ ಬಂದದ್ದು ಅಳುವಲ್ಲ, ಕೋಪ. ಎರಡೂ ಕಡೆಯ ಮಕ್ಕಳು ಕೇಂದ್ರದಲ್ಲೇ ಹೊಡೆದಾಡಿ ಸತ್ತರು. ಕೊಟ್ಟ ಪುಸ್ತಕಗಳನ್ನು ಸುಟ್ಟರು. ಆ ‘ತಪ್ಪಿಲ್ಲ’ ಅನ್ನೋ ಮಾತು ಕೇಳಿದರೇ ಬೇಆಗೆ ಮೈ ಉರಿಯುತ್ತಿತ್ತು. ನಿಮ್ಮ ಮೂಸಾ ಅಳುವುದು ಓದುಗನಿಗೆ ಸಮಾಧಾನವಾಗಲಿ ಅಂತ. ಆ ಮಕ್ಕಳಿಗೆ ಸೇನೆಯಲ್ಲಿ ಕೊಡುತ್ತಿದ್ದ ಕೊಕೇನ್ ತಪ್ಪಿದಾಗ ಮೈ ನಡುಗುವುದೂ ನಿಮ್ಮಲ್ಲಿಲ್ಲ.

ನಾನೇನು ಕಡಿಮೆ ಇರಲಿಲ್ಲ ಬಿಡಿ. ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದಿಕೊಂಡಿದ್ದಾಗ, ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನ ಮೇಲೆ ಕಥೆ ಬರೆದಿದ್ದೆ. ‘ಅವನ ಕಣ್ಣಲ್ಲಿ ಸಾವಿರ ಪ್ರಶ್ನೆಗಳಿದ್ದವು’ ಎಂಬ ಸಾಲಿನ ಬಗ್ಗೆ ಭಾರೀ ಹೆಮ್ಮೆ. ಹಿರಿಯ ಸಂಪಾದಕರು ಅದರ ಪಕ್ಕ ಕೆಂಪು ಶಾಯಿಯಲ್ಲಿ ಬರೆದರು: ‘ಸಾವಿರ ಇರಲಿ, ನನ್ನದೊಂದು. ಲೋಟ ತೊಳೆಯೋದು ಬೂದಿಯಲ್ಲೋ, ಸೋಪಲ್ಲೋ?’ ಗೊತ್ತಿರಲಿಲ್ಲ. ಮಾರನೇ ದಿನ ಹೋಗಿ ನೋಡಿದೆ. ಎರಡೂ ಅಲ್ಲ. ಬೆಳಗಿಂದ ಬದಲಾಯಿಸದ ಒಂದೇ ಬಕೆಟ್ ನೀರು, ಅದರಲ್ಲಿ ಅದ್ದಿ ತೆಗೆಯುತ್ತಿದ್ದ, ಅಷ್ಟೆ. ಹುಡುಗ ನನ್ನ ಕಡೆ ನೋಡಲೂ ಇಲ್ಲ.

ಏಳನೇ ಪುಟ ಮತ್ತೆ ಬರೆದು ಕಳಿಸಿ. ಅವಸರವಿಲ್ಲ. ಶಿಲುಬೆ ಮಾತ್ರ ವಾಪಸು ಬರಕೂಡದು.