ಮಾಡ್ಯುಲರ್ ರಾಸಾಯನಿಕ ಸ್ಥಾವರ ಎಂದರೇನು, ಅದು ದೊಡ್ಡ ಸ್ಥಾವರಕ್ಕಿಂತ ಲಾಭದಾಯಕವೇ?

ರಿಯಾಕ್ಟರ್ (ರಾಸಾಯನಿಕ ಕ್ರಿಯೆ ನಡೆಯುವ ಪಾತ್ರೆ), ಶಾಖ ವಿನಿಮಯಕ ಮುಂತಾದ ಘಟಕಗಳನ್ನು ಪೈಪು, ವಾಲ್ವು, ಸೆನ್ಸರುಗಳ ಸಮೇತ ಉಕ್ಕಿನ ಚೌಕಟ್ಟಿಗೋ ಕಂಟೇನರಿಗೋ ಮೊದಲೇ ಜೋಡಿಸಿ, ಪರೀಕ್ಷಿಸಿ, ಬೇಕಾದ ಸ್ಥಳಕ್ಕೆ ಸಾಗಿಸಿ ಒಂದಕ್ಕೊಂದು ಸೇರಿಸಿದರೆ ಅದು ಮಾಡ್ಯುಲರ್ ಸ್ಥಾವರ. ಬೇಡಿಕೆ ಹೆಚ್ಚಿದಾಗ ರಿಯಾಕ್ಟರಿನ ಗಾತ್ರವನ್ನು ಹಿಗ್ಗಿಸದೆ ಅಂಥದ್ದೇ ಇನ್ನೊಂದನ್ನು ಸಮಾನಾಂತರವಾಗಿ ಇಡುವುದರಿಂದ, ಸಣ್ಣ ಪ್ರಮಾಣದಲ್ಲಿ ಕಂಡ ಶಾಖ ವರ್ಗಾವಣೆ ಮತ್ತು ಮಿಶ್ರಣದ ಗುಣಗಳು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ.

ಲಾಭದ ಲೆಕ್ಕ ಅಷ್ಟು ಸರಳವಲ್ಲ. ಸಾಂಪ್ರದಾಯಿಕ ಸ್ಥಾವರದ ಸಾಮರ್ಥ್ಯವನ್ನು ಇಮ್ಮಡಿಗೊಳಿಸಿದರೆ ಬಂಡವಾಳ ಸಾಮಾನ್ಯವಾಗಿ ಸುಮಾರು 1.5 ಪಟ್ಟಾಗುತ್ತದೆ, ಮಾಡ್ಯೂಲುಗಳನ್ನು, ಅಂದರೆ ಹೀಗೆ ಮೊದಲೇ ಜೋಡಿಸಿದ ಘಟಕಗಳನ್ನು, ಇಮ್ಮಡಿಗೊಳಿಸಿದರೆ ಅದೂ ಹೆಚ್ಚುಕಡಿಮೆ ಇಮ್ಮಡಿಯೇ. ಆದ್ದರಿಂದ ಅಮೋನಿಯಾದಂಥ ಸಗಟು ಉತ್ಪನ್ನಗಳಿಗೆ ಇದನ್ನು ನಾನು ಸೂಚಿಸಲಾರೆ. ಬೇಡಿಕೆ ಅನಿಶ್ಚಿತವಾಗಿರುವ, ಬೆಲೆ ಹೆಚ್ಚಿರುವ ವಿಶೇಷ ರಾಸಾಯನಿಕಗಳಿಗೆ ಚೆನ್ನಾಗಿ ಹೊಂದುತ್ತದೆ. ಯುರೋಪಿಯನ್ ಒಕ್ಕೂಟದ ನೆರವಿನಿಂದ 2009ರಲ್ಲಿ ಆರಂಭವಾದ ‘ಎಫ್3 ಫ್ಯಾಕ್ಟರಿ’ ಯೋಜನೆಯು ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ಇಂಥ ಕಂಟೇನರ್ ಘಟಕಗಳನ್ನು ಪ್ರಯೋಗಕ್ಕೆ ಒಡ್ಡಿತ್ತು.