ಅಷ್ಟು ದುಡಿದ ಐರಿಷ್ ಕೂಲಿಗಳು ಬರಿಗೈಯಲ್ಲಿ ಉಳಿದಿದ್ದು ಯಾಕೆ?

"ಬ್ರಿಟನ್ನಿನ ರಸ್ತೆ, ಸುರಂಗ ತೋಡಿದ ಐರಿಷ್ ಕೂಲಿಗಳು ದುಡಿದಿದ್ದೆಲ್ಲ ಕುಡಿದು ಕಳೆದರು ಅಂತಾರೆ, ನಿಜವಾ?" ಎಂದು ಕೇಳಿದ್ದೀರಿ. 2005ರ ಸುಮಾರಿಗೆ ನಾನು ಉತ್ತರ ಲಂಡನ್ನಿನ ಕ್ರಿಕಲ್‌ವುಡ್‌ನಲ್ಲಿ ಬಾಡಿಗೆಗಿದ್ದೆ. ಕೆಳಗಿನ ಮನೆಯಲ್ಲಿ ಐರ್ಲೆಂಡಿನ ಮೇಯೊ ಕಡೆಯ ಒಬ್ಬ ಅಜ್ಜ ಇದ್ದರು. ಕುಡಿತ ಇತ್ತು, ಇಲ್ಲ ಅನ್ನಲ್ಲ. ಆದರೆ ಬಟವಾಡೆ ಆಗುತ್ತಿದ್ದುದೇ ಪಬ್ಬಿನಲ್ಲಿ!

1950ರ ದಶಕದಲ್ಲಿ ಸುಮಾರು 4 ಲಕ್ಷ ಜನ ಐರ್ಲೆಂಡ್ ಬಿಟ್ಟರು. ಹೆಚ್ಚಿನವರು ಬಂದಿದ್ದು ಬ್ರಿಟನ್ನಿಗೆ. ವೇಲ್ಸ್‌ನ ಹೋಲಿಹೆಡ್ ಬಂದರಿನವರೆಗೆ ಹಡಗು, ಅಲ್ಲಿಂದ ಲಂಡನ್ನಿನ ಯೂಸ್ಟನ್ ನಿಲ್ದಾಣಕ್ಕೆ ರೈಲು. ಈ ಅಜ್ಜನೂ 17ನೇ ವಯಸ್ಸಿಗೆ ಹಾಗೇ ಬಂದವರು.

ನಸುಕಿನಲ್ಲೇ ಎದ್ದು ಕ್ರಿಕಲ್‌ವುಡ್‌ನ ಕ್ರೌನ್ ಪಬ್ ಮುಂದೆ ನಿಲ್ಲಬೇಕಿತ್ತು. ಕ್ಯಾಮ್‌ಡನ್ ಟೌನಿನಲ್ಲೂ ಇದೇ ಕಥೆ. ವ್ಯಾನ್ ಬರುತ್ತೆ. ಮೇಸ್ತ್ರಿ ಆಳಿನ ಮೈಕಟ್ಟು ನೋಡಿ "ನೀನು ಹತ್ತು, ನೀನು ಹತ್ತು" ಅಂತಾನೆ. ಉಳಿದವರಿಗೆ ಅವತ್ತು ಕೂಲಿ ಇಲ್ಲ.

ಎಷ್ಟೋ ಜನ ದುಡಿದಿದ್ದು 'ಲಂಪ್' ಲೆಕ್ಕದಲ್ಲಿ. ದಿನಕ್ಕಿಷ್ಟು ಅಂತ ಕೈಗೆ ಕಾಸು. ತೆರಿಗೆ ಇಲ್ಲ, ಮುಂದೆ ಪಿಂಚಣಿಗೆ ಲೆಕ್ಕವಾಗುವ ಸರ್ಕಾರಿ ವಿಮೆ ಕಾರ್ಡಿಗೆ ಸ್ಟಾಂಪೂ ಇಲ್ಲ. ಹರೆಯದ ಹುಡುಗನಿಗೆ ಅದೇ ಲಾಭ ಅನ್ನಿಸುತ್ತೆ, ಅಲ್ವಾ? ನಿಜವಾಗಿ ಲಾಭ ಆಗಿದ್ದು ಗುತ್ತಿಗೆದಾರನಿಗೆ. ಕೆಲವರು ಸುಳ್ಳು ಹೆಸರು ಕೊಟ್ಟು ದುಡಿಯುತ್ತಿದ್ದರು. ಗುಂಡಿಯ ಮಣ್ಣು ಕುಸಿದು ಅಂಥವನೊಬ್ಬ ಸತ್ತರೆ ಊರಿಗೆ ಸುದ್ದಿ ಮುಟ್ಟಿಸೋದೂ ಕಷ್ಟ.

ಚೆಕ್ ಕೊಟ್ಟರೆ ಇನ್ನೂ ಫಜೀತಿ. ಬ್ಯಾಂಕ್ ಖಾತೆ ಇಲ್ಲದವನು ಅದನ್ನು ಪಬ್ಬಿನಲ್ಲೇ ಕಾಸು ಮಾಡಿಕೊಳ್ಳಬೇಕು. ಪಬ್ಬಿನವನು ತನ್ನ ಪಾಲು ಹಿಡಿದುಕೊಳ್ಳುತ್ತಾನೆ. ದುಡ್ಡು ಎಣಿಸಿಕೊಂಡು ಸುಮ್ನೆ ಎದ್ದು ಹೋಗೋಕಾಗುತ್ತಾ? ಮೇಸ್ತ್ರಿಗೂ ಒಂದು ಗ್ಲಾಸ್ ಕೊಡಿಸಬೇಕು. ಇಲ್ಲಾಂದ್ರೆ ಸೋಮವಾರ ವ್ಯಾನಿನಲ್ಲಿ ಜಾಗ ಇರಲ್ಲ. ರೂಮಿಗೆ ಹೋದರೂ ಸುಖವಿಲ್ಲ. ಒಂದೇ ಕೋಣೆಯಲ್ಲಿ ನಾಲ್ಕೈದು ಜನ, ಒಬ್ಬ ರಾತ್ರಿ ಪಾಳಿಗೆ ಎದ್ದರೆ ಅವನ ಹಾಸಿಗೆಗೆ ಇನ್ನೊಬ್ಬ. ಸಂಜೆ ಬೆಚ್ಚಗೆ ಕೂರೋಕೆ ಇದ್ದದ್ದು ಪಬ್ ಒಂದೇ.

ಅಜ್ಜ 60ರ ದಶಕದಲ್ಲಿ ಲಂಡನ್ನಿನ ನೆಲದಡಿಯ ರೈಲು ಮಾರ್ಗವಾದ ವಿಕ್ಟೋರಿಯಾ ಲೈನಿನ ಸುರಂಗದಲ್ಲೂ ದುಡಿದಿದ್ದರು. ಅದರ ಗದ್ದಲಕ್ಕೆ ಬಲಗಿವಿ ಹೋಗಿತ್ತು. ಅವರ ಹತ್ತಿರ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅದರ ತುಂಬ ಅಮ್ಮನಿಗೆ ಕಳಿಸಿದ ಮನಿ ಆರ್ಡರ್ ರಸೀದಿಗಳು, ರಬ್ಬರ್ ಬ್ಯಾಂಡ್ ಹಾಕಿ ವರ್ಷದ ಪ್ರಕಾರ ಜೋಡಿಸಿದ್ದವು. ಎಲ್ಲ ಕುಡಿದು ಹಾಳು ಮಾಡಿದವರ ಡಬ್ಬಿ ಅಲ್ಲ ಅದು.

ಪಿಂಚಣಿ ಅರ್ಜಿ ತುಂಬಿಸೋಕೆ ಒಂದು ದಿನ ನನ್ನ ಹತ್ತಿರ ಬಂದರು. ದುಡಿದಿದ್ದು 40 ವರ್ಷಕ್ಕೂ ಜಾಸ್ತಿ. ಸ್ಟಾಂಪ್ ಬಿದ್ದಿದ್ದು 11 ವರ್ಷಕ್ಕೆ. ಉಳಿದ ವರ್ಷ ಯಾವ ಹೆಸರಲ್ಲಿ ದುಡಿದಿರಿ ಎಂದು ಕೇಳಿದೆ. ಎರಡು ಹೆಸರು ಹೇಳಿದರು. ಮೂರನೆಯದೂ ಒಂದಿತ್ತಂತೆ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.